ರೋಗಿಗಳ ಪರ ನಿಂತ ಧರ್ಮಾಧ್ಯಕ್ಷ: ಪುನೀತ ಕ್ಲೆಮೆನ್ಸ್ ಆಗಸ್ಟ್ ಫಾನ್ ಗಾಲೆನ್

ಮಾರ್ಚ್ 22 ಪುನೀತ ಕ್ಲೆಮೆನ್ಸ್ ಆಗಸ್ಟ್ ಫಾನ್ ಗಾಲೆನ್ ಅವರ ಸ್ಮರಣೆಯ ದಿನ. ಜರ್ಮನಿಯಲ್ಲಿ ಮನೆಮಾತಾದ ಈ ಧರ್ಮಾಧ್ಯಕ್ಷರು ಮನೋರೋಗಿಗಳ ಜೀವಕ್ಕಾಗಿ ದನಿಯೆತ್ತಿದವರು.

1878ರಲ್ಲಿ ಡಿಂಕ್ಲಾಗೆ ಎಂಬಲ್ಲಿ ಹುಟ್ಟಿದ ಅವರು 13 ಮಕ್ಕಳಲ್ಲಿ 11ನೆಯವರು. 1904ರಲ್ಲಿ ಗುರುದೀಕ್ಷೆ ಪಡೆದು, ಬರ್ಲಿನ್ನಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ವರ್ಷ ಸೇವೆ ಸಲ್ಲಿಸಿದರು. ಹಿಟ್ಲರ್ ಅಧಿಕಾರಕ್ಕೆ ಬಂದ 1933ರಲ್ಲೇ ಮ್ಯೂನ್‌ಸ್ಟರ್‌ನ ಧರ್ಮಾಧ್ಯಕ್ಷರಾದರು. ಹೊಗಳಿಕೆಗೂ ಹೆದರಿಕೆಗೂ ಮಣಿಯದಿರುವುದೇ ಅವರು ಆರಿಸಿಕೊಂಡ ಧ್ಯೇಯವಾಕ್ಯದ ಅರ್ಥ.

ಯುದ್ಧ ಶುರುವಾದ ಮೇಲೆ ಸರ್ಕಾರ ಮಾನಸಿಕ ರೋಗಿಗಳನ್ನೂ ಅಂಗವಿಕಲರನ್ನೂ ಆಸ್ಪತ್ರೆಗಳಿಂದ ಬಸ್ಸುಗಳಲ್ಲಿ ಸಾಗಿಸಿ ಗುಟ್ಟಾಗಿ ಕೊಲ್ಲತೊಡಗಿತು. ಇದಕ್ಕೆ ದಯಾಮರಣವೆಂಬ ಹೆಸರಿಟ್ಟಿತು. ಮನೆಯವರಿಗೆ ಸುಳ್ಳು ಕಾರಣ ಬರೆದ ಪತ್ರ ತಲಪುತ್ತಿತ್ತು. ಮ್ಯೂನ್‌ಸ್ಟರ್ ಬಳಿಯ ಮರಿಯೆಂಟಾಲ್ ಆಸ್ಪತ್ರೆಯ ರೋಗಿಗಳ ಸರದಿ ಬಂದಾಗ ಗಾಲೆನ್ ಅವರು ಕೊಲೆಯ ದೂರು ಕೊಟ್ಟರು. ಫಲ ಸಿಗಲಿಲ್ಲ. 1941ರ ಆಗಸ್ಟ್ 3ರ ಭಾನುವಾರ ಸಂತ ಲ್ಯಾಂಬರ್ಟ್ ದೇವಾಲಯದ ಪ್ರಬೋಧನೆಯಲ್ಲಿ ಎಲ್ಲವನ್ನೂ ಬಿಚ್ಚಿಟ್ಟರು. ದುಡಿಯಲಾರದವರ ಬಾಳು ವ್ಯರ್ಥವೆಂದು ಒಪ್ಪಿದರೆ ನಾಳೆ ಗಾಯಗೊಂಡ ಸೈನಿಕನಿಗೂ, ವಯಸ್ಸಾದ ನಮಗೂ ಅದೇ ಗತಿ ಎಂದು ಎಚ್ಚರಿಸಿದರು.

ಆ ಪ್ರಬೋಧನೆಯ ಪ್ರತಿಗಳು ಗುಟ್ಟಾಗಿ ಕೈಯಿಂದ ಕೈಗೆ ಹೋದವು. ಅವರನ್ನು ಗಲ್ಲಿಗೇರಿಸಬೇಕೆಂದು ನಾಜಿ ನಾಯಕರು ಕೆಲವರು ಬಯಸಿದರು. ಜನ ತಿರುಗಿಬಿದ್ದಾರೆಂಬ ಭಯದಿಂದ ಮುಟ್ಟಲಿಲ್ಲ. ಆದರೆ ಅವರ ಧರ್ಮಪ್ರಾಂತ್ಯದ ಹಲವು ಗುರುಗಳು ಸೆರೆಶಿಬಿರ ಸೇರಿದರು. ಅದೇ ತಿಂಗಳ 24ರಂದು ಹಿಟ್ಲರ್ ಆ ಯೋಜನೆಯನ್ನು ನಿಲ್ಲಿಸಲು ಹೇಳಿದ. ಅಷ್ಟರಲ್ಲಿ 70,000ಕ್ಕೂ ಹೆಚ್ಚು ಜನ ಸತ್ತಿದ್ದರು. ಆಮೇಲೂ ಕೊಲೆ ಮರೆಯಲ್ಲಿ ಮುಂದುವರಿಯಿತು. ಯೆಹೂದ್ಯರ ಪರವಾಗಿ ಗಾಲೆನ್ ಇಷ್ಟೇ ಬಹಿರಂಗವಾಗಿ ಮಾತನಾಡಲಿಲ್ಲ ಎಂಬ ನೋವಿನ ಸತ್ಯವನ್ನೂ ನಾವು ಮರೆಯಬಾರದು.

1946ರ ಫೆಬ್ರವರಿಯಲ್ಲಿ ಕಾರ್ಡಿನಲ್ ಆದ ಅವರು ಮಾರ್ಚ್ 22ರಂದು ತೀರಿಕೊಂಡರು. 2005ರ ಅಕ್ಟೋಬರ್ 9ರಂದು ಅವರಿಗೆ ಪುನೀತ ಪದವಿ ದೊರೆಯಿತು.

ಇಂದು ನೆದರ್‌ಲ್ಯಾಂಡ್ಸ್, ಬೆಲ್ಜಿಯಂ ದೇಶಗಳ ಕಾನೂನು, ಷರತ್ತುಗಳೊಂದಿಗೆ, ಮನೋರೋಗಿ ಕೇಳಿಕೊಂಡರೆ ವೈದ್ಯರ ಕೈಯಿಂದ ಸಾವಿಗೆ ಅವಕಾಶ ಕೊಡುತ್ತದೆ. ಇದು ನಾಜಿಗಳ ಬಲವಂತದ ಕೊಲೆಯಂತಲ್ಲ. ಇಲ್ಲಿ ರೋಗಿಯೇ ಕೇಳುತ್ತಾನೆ. ಆದರೂ ಧರ್ಮಸಭೆ ಇದನ್ನು ಒಪ್ಪುವುದಿಲ್ಲ. ಬದುಕು ಸಾಕೆನ್ನಿಸುವುದು ಅನೇಕ ವೇಳೆ ಆ ಕಾಯಿಲೆಯದೇ ಲಕ್ಷಣ. ಹಾಗೆ ಹೇಳುವವರಿಗೆ ಬೇಕಾದದ್ದು ಚಿಕಿತ್ಸೆ, ಜೊತೆ, ತಾಳ್ಮೆ.

ಆದ್ದರಿಂದ ಬೇಡವೆಂದು ಹೇಳಿದರಷ್ಟೇ ನಮ್ಮ ಕರ್ತವ್ಯ ಮುಗಿಯದು. ಮನೋರೋಗವಿರುವ ಮನೆಯನ್ನು ನಾವು ದೂರವಿಟ್ಟರೆ, ಆ ಬಾಳಿಗೆ ಬೆಲೆಯಿಲ್ಲವೆಂದು ನಾವೂ ಹೇಳಿದಂತೆಯೇ. ಅಂಥ ಮನೆಯ ಬಾಗಿಲು ತಟ್ಟೋಣ, ವೈದ್ಯರಲ್ಲಿಗೆ ಜೊತೆಗೆ ಹೋಗೋಣ, ಬಲಿಪೂಜೆಗೆ ಬಂದಾಗ ಪಕ್ಕದಲ್ಲಿ ಜಾಗ ಕೊಡೋಣ.