ಸರ್ ದೊರಾಬ್ಜಿ ಟಾಟಾ: ಮರಣದಾಚೆಗೂ ಬತ್ತದ ದಾನ

ನಿಪ್ಪಾಣಿಯ ಸುತ್ತಲಿನ ಹೊಲಗಳಲ್ಲಿ ತಂಬಾಕು ಬೆಳೆದು ಜೀವಿಸುವ ಕುಟುಂಬಗಳು ಅನೇಕ. ಆದರೆ ಅದೇ ತಂಬಾಕು ಬಾಯಿ, ಗಂಟಲುಗಳ ಕ್ಯಾನ್ಸರಿಗೂ ಕಾರಣವಾಗುತ್ತದೆ. ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡಗಳಲ್ಲಿ ಯಾರಿಗಾದರೂ ಈ ವ್ಯಾಧಿ ತಗಲಿದಾಗ ಮನೆಯವರ ಬಾಯಲ್ಲಿ ಬರುವ ಹೆಸರು ಮುಂಬಯಿಯ ಟಾಟಾ ಆಸ್ಪತ್ರೆಯದು. ಆ ಆಸ್ಪತ್ರೆಯ ಹಿಂದಿರುವ ಮಹನೀಯರ ಜೀವನವನ್ನು ನಮ್ಮ ದೇವಾಲಯದ ಈ ಶತಮಾನೋತ್ಸವದ ಸಂದರ್ಭದಲ್ಲಿ ಸ್ಮರಿಸುವುದು ಉಚಿತವೆನಿಸುತ್ತದೆ.

ದೊರಾಬ್ಜಿಯವರು 1859ರ ಆಗಸ್ಟ್ 27ರಂದು ಮುಂಬಯಿಯಲ್ಲಿ ಜಮ್‌ಷೇಟ್‌ಜಿ ಟಾಟಾ ಅವರ ಹಿರಿಯ ಪುತ್ರರಾಗಿ ಜನಿಸಿದರು. ಪಾರ್ಸಿ ಮತದವರಾದ ಅವರು ಕೇಂಬ್ರಿಜ್‌ನಲ್ಲಿ ಓದಿ, ಬಳಿಕ ಯೇಸುಸಭೆಯ ಗುರುಗಳು ನಡೆಸುತ್ತಿದ್ದ ಮುಂಬಯಿಯ ಸಂತ ಝೇವಿಯರ್ ಕಾಲೇಜಿನಿಂದ 1882ರಲ್ಲಿ ಪದವೀಧರರಾದರು. ಮೈಸೂರು ಸಂಸ್ಥಾನದ ಶಿಕ್ಷಣ ಇಲಾಖೆಯಲ್ಲಿ ಉನ್ನತ ಪದವಿಯಲ್ಲಿದ್ದ ಹೊರ್ಮುಸ್‌ಜಿ ಭಾಭಾ ಅವರ ಮಗಳು ಮೆಹೆರ್‌ಬಾಯಿ ಕನ್ನಡ ನಾಡಿನಲ್ಲಿಯೇ ಬೆಳೆದವರು. 1898ರಲ್ಲಿ ಇವರಿಬ್ಬರ ವಿವಾಹವಾಯಿತು. ದಂಪತಿಗಳಿಗೆ ಮಕ್ಕಳಾಗಲಿಲ್ಲ.

1904ರಲ್ಲಿ ತಂದೆಯವರು ನಿಧನರಾದಾಗ ಅವರ ಕನಸುಗಳಷ್ಟೇ ಉಳಿದಿದ್ದವು. ಅವುಗಳನ್ನು ದೊರಾಬ್ಜಿಯವರು ಕೃತಿಗಿಳಿಸಿದರು. 1907ರಲ್ಲಿ ಉಕ್ಕಿನ ಕಂಪನಿ, 1909ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸ್ಥಾಪನೆಯಾದವು. 1920ರ ಆಂಟ್‌ವರ್ಪ್ ಒಲಿಂಪಿಕ್ಸ್‌ಗೆ ತೆರಳಿದ ಭಾರತೀಯ ತಂಡಕ್ಕೆ ನೆರವಿತ್ತವರೂ ಅವರೇ. ಆ ತಂಡದಲ್ಲಿ ನಮ್ಮ ಬೆಳಗಾವಿಯ ಓಟಗಾರ ಫಡೆಪ್ಪ ದರೆಪ್ಪ ಚೌಗುಲೆಯವರಿದ್ದರು. 1924ರಲ್ಲಿ ಉಕ್ಕಿನ ಕಂಪನಿ ಮುಳುಗುವ ಸ್ಥಿತಿಗೆ ಬಂದಾಗ ಅವರು ತಮ್ಮ ಸ್ವಂತ ಸೊತ್ತನ್ನೂ, ಪತ್ನಿಗೆ ಕೊಟ್ಟಿದ್ದ 245 ಕ್ಯಾರಟ್‌ನ ಜುಬಿಲಿ ವಜ್ರವನ್ನೂ ಬ್ಯಾಂಕಿಗೆ ಒತ್ತೆಯಿಟ್ಟರು. ಕಂಪನಿ ಉಳಿಯಿತು, ವಜ್ರವೂ ಮರಳಿತು.

ಆದರೆ ಸಂಪತ್ತು ಪತ್ನಿಯನ್ನು ಉಳಿಸಲಾರದೆ ಹೋಯಿತು. 1931ರ ಜೂನ್‌ನಲ್ಲಿ ಮೆಹೆರ್‌ಬಾಯಿಯವರು ರಕ್ತದ ಕ್ಯಾನ್ಸರ್‌ನಿಂದ ವೇಲ್ಸ್‌ನಲ್ಲಿ ತೀರಿಕೊಂಡರು. ಆ ಕಾಲದಲ್ಲಿ ಈ ವ್ಯಾಧಿಗೆ ಪರಿಣಾಮಕಾರಿ ಔಷಧವಿರಲಿಲ್ಲ. ಶೋಕತಪ್ತರಾದ ದೊರಾಬ್ಜಿಯವರು 1932ರಲ್ಲಿ ಎರಡು ದತ್ತಿಗಳನ್ನು ಸ್ಥಾಪಿಸಿದರು. ಲೇಡಿ ಟಾಟಾ ಸ್ಮಾರಕ ದತ್ತಿಯು ಮುಖ್ಯವಾಗಿ ರಕ್ತದ ಕ್ಯಾನ್ಸರಿನ ಸಂಶೋಧನೆಗೆ. ಅದರ ನೆರವು ಹೊರದೇಶಗಳ ವಿಜ್ಞಾನಿಗಳಿಗೂ ಸಲ್ಲುತ್ತದೆ. ಆ ವಜ್ರವೂ ಸೇರಿದಂತೆ ತಮ್ಮ ಉಳಿದ ಸೊತ್ತನ್ನು, ಜಾತಿ ಮತ ದೇಶಗಳ ಭೇದವಿಲ್ಲದೆ ವಿನಿಯೋಗಿಸಲು, ತಮ್ಮ ಹೆಸರಿನ ದತ್ತಿಗೆ ಒಪ್ಪಿಸಿದರು. ಆಮೇಲೆ ಪತ್ನಿಯ ಸಮಾಧಿಯ ದರ್ಶನಕ್ಕೆಂದು ಹೊರಟವರು, ಜೂನ್ 3ರಂದು ಜರ್ಮನಿಯ ಕಿಸಿಂಗೆನ್‌ನಲ್ಲಿ ದಿವಂಗತರಾದರು. ಇಂಗ್ಲೆಂಡಿನ ಬ್ರೂಕ್‌ವುಡ್‌ನಲ್ಲಿ ಪತ್ನಿಯ ಬಳಿಯಲ್ಲಿಯೇ ಅವರ ಸಮಾಧಿಯಾಯಿತು.

ವಜ್ರವನ್ನು ಮುಂದೆ ಮಾರಲಾಯಿತು. ಆ ದತ್ತಿಯಿಂದ 1941ರ ಫೆಬ್ರವರಿ 28ರಂದು ಟಾಟಾ ಸ್ಮಾರಕ ಆಸ್ಪತ್ರೆ ಪ್ರಾರಂಭವಾಯಿತು. 1962ರಲ್ಲಿ ಅದು ಪರಮಾಣು ಶಕ್ತಿ ಇಲಾಖೆಯ ಆಡಳಿತಕ್ಕೆ ಬಂದಿತು; 1966ರಲ್ಲಿ ಕ್ಯಾನ್ಸರ್ ಸಂಶೋಧನಾ ಕೇಂದ್ರದೊಡನೆ ಒಂದಾಗಿ ಚಿಕಿತ್ಸೆ ಮತ್ತು ಸಂಶೋಧನೆಗಳೆರಡೂ ಒಂದೇ ಸೂರಿನಡಿ ಸೇರಿದವು.

ಇಂಥ ದಾನದ ಸ್ವಾರಸ್ಯವೇನೆಂದರೆ, ಮೂಲಧನ ಉಳಿಯುತ್ತದೆ. ಅದರ ಉತ್ಪನ್ನ ವರ್ಷ ವರ್ಷವೂ ವ್ಯಯವಾಗುತ್ತದೆ. ಸಂಶೋಧನೆಯ ಫಲ ಬೇಗನೆ ಕೈಸೇರುವುದಿಲ್ಲ. ಆದುದರಿಂದ ಅದಕ್ಕೆ ತಲೆಮಾರುಗಳವರೆಗೆ ಕಾಯಬಲ್ಲ ಹಣ ಬೇಕು.

ಮರಣಶಾಸನದ ಮೂಲಕ ಕೊಡಲು ನಮ್ಮ ಕ್ರೈಸ್ತರಿಗೆ ಬಹುಕಾಲ ಒಂದು ತೊಡಕಿತ್ತು. 1925ರ ಉತ್ತರಾಧಿಕಾರ ಕಾಯಿದೆಯ 118ನೆಯ ಕಲಮಿನ ಪ್ರಕಾರ, ಹತ್ತಿರದ ಬಂಧುಗಳಿದ್ದವನು ಧರ್ಮಕಾರ್ಯಕ್ಕೆ ಸೊತ್ತು ಬರೆದಿಡಬೇಕಾದರೆ ಸಾವಿಗೆ ಕನಿಷ್ಠ 12 ತಿಂಗಳ ಮುನ್ನವೇ ಶಾಸನ ಮಾಡಿರಬೇಕಿತ್ತು. ಕೇರಳದ ಗುರುಗಳೊಬ್ಬರ ಅರ್ಜಿಯ ಮೇಲೆ ಸರ್ವೋಚ್ಚ ನ್ಯಾಯಾಲಯವು 2003ರಲ್ಲಿ ಆ ಕಲಮನ್ನು ರದ್ದುಗೊಳಿಸಿತು. ಈಗ ಇಬ್ಬರು ಸಾಕ್ಷಿಗಳ ಎದುರು ವಿಧಿವತ್ತಾಗಿ ಬರೆದ ಶಾಸನವೇ ಸಾಕು.

ಪ್ರಿಯ ಭಕ್ತಾದಿಗಳೇ, ವಜ್ರವುಳ್ಳವರು ನಮ್ಮಲ್ಲಿಲ್ಲ. ಆದರೆ ಪ್ರಭು ಕ್ರಿಸ್ತರು ಮೆಚ್ಚಿದ್ದು ಬಡ ವಿಧವೆಯ ಎರಡು ಕಾಸುಗಳನ್ನು. ಮಕ್ಕಳಿಗೆ ಸಲ್ಲಬೇಕಾದುದನ್ನು ಸಲ್ಲಿಸಿ, ರೋಗಿಗಳ ಪಾಲನ್ನೂ ನೆನೆದು, ಬುದ್ಧಿ ಸ್ವಸ್ಥವಿರುವಾಗಲೇ ಬರೆದಿಡೋಣ. ನಾವು ಮುಖ ಕಾಣದ ಯಾರೋ ಒಬ್ಬರು ಅದರಿಂದ ಗುಣಹೊಂದಿ ಮನೆಗೆ ಮರಳುವರು.