ಕುದ್ಮುಲ್ ರಂಗರಾಯರು: ಒಬ್ಬ ಗೃಹಸ್ಥನ ಸಮಾಜಋಣ

ದೀನದುರ್ಬಲರ ಏಳಿಗೆ ಸರ್ಕಾರದ ಹೊಣೆ, ಸಂಘಸಂಸ್ಥೆಗಳ ಕಾರ್ಯ, ಮಠಮಾನ್ಯಗಳ ಧರ್ಮ ಎಂಬ ಮಾತನ್ನು ನಾವು ಎಲ್ಲೆಡೆ ಕೇಳುತ್ತೇವೆ. ಮಾತು ಸುಳ್ಳಲ್ಲ. ಆದರೆ ಅದರ ಮರೆಯಲ್ಲಿ ಒಬ್ಬೊಬ್ಬ ನಾಗರಿಕನೂ ತನ್ನ ಪಾಲಿನ ಹೊಣೆಯಿಂದ ನುಣುಚಿಕೊಳ್ಳುವುದುಂಟು. ಅಧಿಕಾರವಿಲ್ಲದ, ಸಿರಿವಂತನೂ ಅಲ್ಲದ ಒಬ್ಬ ಗೃಹಸ್ಥನಿಂದ ಏನಾದೀತು ಎಂದು ಕೇಳುವವರು ಮಂಗಳೂರಿನ ಕುದ್ಮುಲ್ ರಂಗರಾಯರ ಜೀವನವನ್ನು ಒಮ್ಮೆ ಅವಲೋಕಿಸಬೇಕು.

ರಂಗರಾಯರು ಜನಿಸಿದ್ದು 1859ರ ಜೂನ್ 29ರಂದು, ಕಾಸರಗೋಡು ಸೀಮೆಯ ಕುದ್ಮುಲ್ ಗ್ರಾಮದಲ್ಲಿ. ಅಂದು ಆ ಸೀಮೆ ಮದರಾಸು ಪ್ರಾಂತಕ್ಕೆ ಸೇರಿತ್ತು. ಸಾರಸ್ವತ ಬ್ರಾಹ್ಮಣ ಮನೆತನ. ಎಳವೆಯಲ್ಲಿಯೇ ತಂದೆಯನ್ನು ಕಳೆದುಕೊಂಡು, ಜೀವನೋಪಾಯವನ್ನರಸಿ ಮಂಗಳೂರಿಗೆ ಬಂದರು. ಅಲ್ಪ ಸಂಬಳದ ಶಾಲಾ ಉಪಾಧ್ಯಾಯರಾಗಿ ದುಡಿಯುತ್ತಲೇ ಸ್ವಂತ ಪರಿಶ್ರಮದಿಂದ ಪರೀಕ್ಷೆಗಳನ್ನು ಮುಗಿಸಿ ವಕೀಲರಾದರು. ಬಡವರ ಪರವಾಗಿ ವಾದಿಸುವ ಪ್ರಾಮಾಣಿಕ ವಕೀಲರೆಂದು ಹೆಸರು ಗಳಿಸಿದರು. ಮಂಗಳೂರಿನ ಬ್ರಹ್ಮಸಮಾಜದ ವಿಚಾರಗಳೂ ಉಲ್ಲಾಳ ರಘುನಾಥಯ್ಯನವರಂತಹ ಹಿರಿಯರ ಒಡನಾಟವೂ ಅವರ ಮನಸ್ಸನ್ನು ಸುಧಾರಣೆಯತ್ತ ತಿರುಗಿಸಿದ್ದವು.

ಅಸ್ಪೃಶ್ಯರೆನಿಸಿದ್ದ ಸಮುದಾಯದ ಯುವಕನೊಬ್ಬ ಅಷ್ಟಿಷ್ಟು ಅಕ್ಷರ ಕಲಿತು ನ್ಯಾಯಾಲಯದಲ್ಲಿ ಜವಾನನಾಗಿ ನೇಮಕಗೊಂಡಾಗ, ಮೇಲ್ಜಾತಿಯವರ ಕಿರುಕುಳವನ್ನು ತಾಳಲಾರದೆ ಕೆಲಸವನ್ನು ತೊರೆಯಬೇಕಾಯಿತೆಂದೂ, ಆ ಪ್ರಸಂಗವೇ ರಂಗರಾಯರ ಜೀವನದ ದಿಕ್ಕನ್ನು ಬದಲಿಸಿತೆಂದೂ ಪ್ರತೀತಿ ಇದೆ. ಅಂತಹ ಅನ್ಯಾಯವನ್ನು ಕಂಡು ಮರುಗುವವರು ಅಂದೂ ಇದ್ದರು, ಇಂದೂ ಇದ್ದಾರೆ. ಮರುಕವನ್ನು ಕಾರ್ಯಕ್ಕಿಳಿಸಿದವರು ವಿರಳ. ರಂಗರಾಯರು 1892ರಲ್ಲಿ ಮಂಗಳೂರಿನ ಉರ್ವ ಚಿಲಿಂಬಿಯಲ್ಲಿ ದಲಿತ ಮಕ್ಕಳಿಗಾಗಿ ಶಾಲೆಯನ್ನು ತೆರೆದರು.

ಶಾಲೆಯನ್ನು ತೆರೆದುದು ಸುಲಭ, ನಡೆಸಿದುದು ಕಷ್ಟ. ಸ್ಥಳ ಕೊಡುವವರು ಹಿಂಜರಿದರು. ಪಾಠ ಹೇಳಲು ಮೇಲ್ಜಾತಿಯ ಉಪಾಧ್ಯಾಯರು ಮುಂದೆ ಬರಲಿಲ್ಲ. ಕ್ರೈಸ್ತ ಉಪಾಧ್ಯಾಯರು ಆ ಕೊರತೆಯನ್ನು ತುಂಬಿದರು. ಮಕ್ಕಳ ತಂದೆತಾಯಂದಿರಿಗೂ ಇದು ಸರಳ ವಿಷಯವಾಗಿರಲಿಲ್ಲ. ಮಗು ಶಾಲೆಗೆ ಹೋದರೆ ಮನೆಗೆ ಬರುವ ಕೂಲಿಯ ಒಂದು ಪಾಲು ತಪ್ಪುತ್ತಿತ್ತು. ಇದನ್ನರಿತ ರಂಗರಾಯರು ಮಕ್ಕಳಿಗೆ ಮಧ್ಯಾಹ್ನದ ಊಟವನ್ನು ಏರ್ಪಡಿಸಿದರು. ಹಸಿದ ಮಗುವಿಗೆ ಅಕ್ಷರ ಹತ್ತದೆಂಬ ಸತ್ಯವನ್ನು ಅವರು ಒಂದು ಶತಮಾನಕ್ಕೂ ಹಿಂದೆಯೇ ಕಂಡುಕೊಂಡಿದ್ದರು.

ಸ್ವಜಾತಿಯವರು ಅವರಿಗೂ ಅವರ ಕುಟುಂಬಕ್ಕೂ ಬಹಿಷ್ಕಾರ ಹಾಕಿದರು. ಬಂಧುಬಳಗ ದೂರ ಸರಿಯಿತು. ನಾವು ಇಲ್ಲಿ ಒಂದು ಕ್ಷಣ ನಿಂತು ಯೋಚಿಸಬೇಕು. ಕೈಯಲ್ಲಿರುವ ಹಣದಲ್ಲಿ ಒಂದಂಶವನ್ನು ಕೊಡುವುದು ಒಂದು ಬಗೆಯ ಸೇವೆ. ಮನೆಮಂದಿಯೆಲ್ಲ ನೆರೆಹೊರೆಯ ಅವಮಾನವನ್ನು ಸಹಿಸುತ್ತಿರುವಾಗಲೂ ಹಿಡಿದ ಕೆಲಸವನ್ನು ಬಿಡದಿರುವುದು ಬೇರೊಂದು ಬಗೆಯದು. ಮೊದಲನೆಯದಕ್ಕೆ ಊರು ಹಾರ ಹಾಕುತ್ತದೆ, ಎರಡನೆಯದಕ್ಕೆ ಬಾಗಿಲು ಮುಚ್ಚುತ್ತದೆ. ರಂಗರಾಯರು ಆರಿಸಿಕೊಂಡದ್ದು ಎರಡನೆಯದನ್ನು.

1897ರಲ್ಲಿ ಅವರು ಮಂಗಳೂರಿನಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಮಹಾರಾಷ್ಟ್ರದ ವಿಠ್ಠಲ ರಾಮಜಿ ಶಿಂದೆಯವರು ಮುಂಬಯಿಯಲ್ಲಿ ಇದೇ ಹೆಸರಿನ ಸಂಸ್ಥೆಯನ್ನು ಆರಂಭಿಸಿದ್ದು 1906ರಲ್ಲಿ. ಶಾಲೆಗಳು ಜಿಲ್ಲೆಯ ಇತರೆಡೆಗೂ ಹಬ್ಬಿದವು. ಅಕ್ಷರದ ಜೊತೆಗೆ ನೇಯ್ಗೆಯಂತಹ ಕಸುಬುಗಳ ಶಿಕ್ಷಣವೂ, ಮಕ್ಕಳಿಗೆ ವಸತಿಯೂ ಸೇರಿದವು. ಸ್ವಂತ ನೆಲವಿಲ್ಲದ ಕುಟುಂಬಗಳು ಭೂಮಾಲೀಕರ ಹಂಗಿನಲ್ಲಿಯೇ ಉಳಿಯುವುದನ್ನು ಕಂಡು, ಸರ್ಕಾರದಿಂದ ಭೂಮಿಯನ್ನು ಪಡೆದು ಅವರಿಗೆ ನಿವೇಶನಗಳನ್ನು ಒದಗಿಸಿದರು. ಸ್ಥಳೀಯ ಆಡಳಿತ ಮಂಡಳಿಗಳಲ್ಲಿ ದಲಿತ ಪ್ರತಿನಿಧಿಗಳಿಗೂ ಸ್ಥಾನ ದೊರೆಯುವಂತೆ ಪ್ರಯತ್ನಿಸಿದರು. ಅನ್ನ, ಅಕ್ಷರ, ಕಸುಬು, ಸೂರು, ಸಭೆಯಲ್ಲಿ ಆಸನ ಎಂಬ ಈ ಕ್ರಮವನ್ನು ಗಮನಿಸಿದರೆ ಅವರ ದೂರದೃಷ್ಟಿ ನಮಗೆ ಮನವರಿಕೆಯಾಗುತ್ತದೆ. ಪರರ ಕೈ ನೋಡುವ ಸ್ಥಿತಿಯಿಂದ ಜನರನ್ನು ಪಾರುಮಾಡುವುದೇ ಅವರ ಉದ್ದೇಶವಾಗಿತ್ತು.

ಹೊರಗೆ ಸುಧಾರಣೆಯನ್ನು ಬೋಧಿಸಿ ಮನೆಯೊಳಗೆ ಹಳೆಯ ಕಟ್ಟಳೆಗೆ ತಲೆಬಾಗುವವರ ಸಾಲಿಗೆ ರಂಗರಾಯರು ಸೇರಿದವರಲ್ಲ. ಎಳೆಯ ವಯಸ್ಸಿನಲ್ಲಿಯೇ ವಿಧವೆಯಾದ ಮಗಳು ರಾಧಾಬಾಯಿಯವರನ್ನು ಓದಿಸಿದರು. 1912ರಲ್ಲಿ ಆಕೆಯ ವಿವಾಹವು ಬೇರೆ ಜಾತಿಯ, ಬೇರೆ ಭಾಷೆಯ ಪಿ. ಸುಬ್ಬರಾಯನ್ ಅವರೊಡನೆ ನಡೆಯಿತು. ಸುಬ್ಬರಾಯನ್ ಅವರು ಮುಂದೆ ಮದರಾಸು ಪ್ರಾಂತದ ಪ್ರಥಮ ಮಂತ್ರಿಯಾದರು. ರಾಧಾಬಾಯಿಯವರು ಲಂಡನ್ನಿನ ದುಂಡುಮೇಜಿನ ಪರಿಷತ್ತಿನಲ್ಲಿ ಭಾಗವಹಿಸಿ, 1938ರಲ್ಲಿ ಕೌನ್ಸಿಲ್ ಆಫ್ ಸ್ಟೇಟ್‌ನ ಮೊದಲ ಮಹಿಳಾ ಸದಸ್ಯೆಯಾದರು.

ವಯಸ್ಸು ಮಾಗಿದಾಗ ರಂಗರಾಯರು ತಾವು ಕಟ್ಟಿದ ಸಂಸ್ಥೆಯ ಹೊಣೆಯನ್ನು ಭಾರತ ಸೇವಕ ಸಮಾಜಕ್ಕೆ ಒಪ್ಪಿಸಿದರು. ಸಂಸ್ಥೆಯನ್ನು ಕಟ್ಟುವುದಕ್ಕಿಂತ ಅದನ್ನು ಸಕಾಲದಲ್ಲಿ ಬಿಟ್ಟುಕೊಡುವುದು ಕಠಿಣವೆಂಬುದನ್ನು ಸಂಸ್ಥೆಗಳ ಒಳಹೊರಗನ್ನು ಬಲ್ಲವರೆಲ್ಲರೂ ಒಪ್ಪುತ್ತಾರೆ. 1927ರಲ್ಲಿ ಅವರು ಸನ್ಯಾಸ ಸ್ವೀಕರಿಸಿ ಈಶ್ವರಾನಂದರೆನಿಸಿದರು. 1928ರ ಜನವರಿ 30ರಂದು ಅವರ ದೇಹಾಂತವಾಯಿತು. ಪೌರಕಾರ್ಮಿಕರಾದ ತೋಟಿ ಸಮುದಾಯದವರೇ ತಮ್ಮ ಅಂತ್ಯಕ್ರಿಯೆಯನ್ನು ನಡೆಸಬೇಕೆಂಬುದು ಅವರ ಕೊನೆಯ ಇಚ್ಛೆಯಾಗಿತ್ತು. 1934ರ ಫೆಬ್ರವರಿಯಲ್ಲಿ ಮಂಗಳೂರಿಗೆ ಬಂದ ಮಹಾತ್ಮ ಗಾಂಧೀಜಿಯವರು ಅವರ ಸೇವೆಯನ್ನು ಸ್ಮರಿಸಿ ಗೌರವಿಸಿದರು. ಇಂದು ಮಂಗಳೂರಿನ ಪುರಭವನವು ಅವರ ಹೆಸರನ್ನು ಹೊತ್ತಿದೆ.

ರಂಗರಾಯರು ತಮ್ಮ ಶಾಲೆಯಲ್ಲಿ ಓದಿದ ಮಗುವೊಂದು ದೊಡ್ಡ ಹುದ್ದೆಗೇರಿ, ಅದೇ ಊರಿನ ಬೀದಿಯಲ್ಲಿ ಕಾರಿನಲ್ಲಿ ಸಾಗಬೇಕೆಂದೂ, ಆ ಕಾರು ಎಬ್ಬಿಸಿದ ಧೂಳು ತಮ್ಮ ತಲೆಯ ಮೇಲೆ ಬಿದ್ದರೆ ತಮ್ಮ ಜನ್ಮ ಸಾರ್ಥಕವೆಂದೂ ಹಂಬಲಿಸಿದ್ದರು. ಈ ಹಂಬಲವನ್ನು ನಾವು ಮತ್ತೆ ಮತ್ತೆ ಮನನ ಮಾಡಬೇಕು. ನಾವು ನೆರವು ನೀಡುವಾಗ ಪಡೆದವರು ಕೃತಜ್ಞರಾಗಿ ನಮ್ಮ ಎದುರು ನಿಲ್ಲಬೇಕೆಂದು ಒಳಮನಸ್ಸು ಬಯಸುತ್ತದೆ. ರಂಗರಾಯರು ಬಯಸಿದ್ದು ಅವರು ತಮ್ಮನ್ನು ದಾಟಿ ಮುಂದೆ ಹೋಗುವುದನ್ನು.

ಹಾಗಾದರೆ ನಮ್ಮ ಪಾಲಿನ ಹೊಣೆ ಯಾವುದು? ಶಾಲೆ ಬಿಟ್ಟ ಮಗು ನಮ್ಮ ಓಣಿಯಲ್ಲಿಯೂ ಇರಬಹುದು. ಬೀದಿಯನ್ನು ಗುಡಿಸುವವರ ಮನೆಗೆ ಇನ್ನೂ ಹಕ್ಕುಪತ್ರ ಸಿಗದಿರಬಹುದು. ಅಂತಹ ಒಂದು ಮಗುವಿನ, ಒಂದು ಕುಟುಂಬದ ಹೊಣೆಯನ್ನು ಅವರು ಸ್ವಂತ ಕಾಲ ಮೇಲೆ ನಿಲ್ಲುವವರೆಗೆ ಹೊರಲು ದೊಡ್ಡ ಪದವಿಯಾಗಲಿ ಸಂಪತ್ತಾಗಲಿ ಬೇಕಿಲ್ಲ. ರಂಗರಾಯರೂ ಒಂದು ಶಾಲೆಯಿಂದಲೇ ಆರಂಭಿಸಿದರು. ಭಕ್ತರೂ ಓದುಗರೂ ಆದ ತಾವೆಲ್ಲರೂ ಈ ವಿಷಯವನ್ನು ತಮ್ಮ ಮನೆಗಳಲ್ಲಿ ಚಿಂತಿಸಿ, ಸಾಧ್ಯವಾದ ಒಂದು ಹೆಜ್ಜೆಯನ್ನಾದರೂ ಇಡಬೇಕೆಂಬುದು ನಮ್ಮ ವಿನಂತಿ.