ಮಿತ್ರರ ನೆರವಿಗೆ ಕಾದು ಕಾದು ಕಣ್ಮುಚ್ಚಿದ ಬೂದಿಕೋಟೆಯ ಹೈದರಾಲಿ

ಕೋಲಾರ: ಬಂಗಾರಪೇಟೆ ತಾಲೂಕಿನ ಬೂದಿಕೋಟೆ ಅಂದ್ರೆ ಹೈದರಾಲಿ ಹುಟ್ಟಿದ ಊರು ಅಂತ ಜಿಲ್ಲೆಯಲ್ಲಿ ಎಲ್ಲರಿಗೂ ಗೊತ್ತು. ಆದರೆ ಓದು ಬರಹ ಕಲಿಯದ ಈ ಮನುಷ್ಯ ವಿದೇಶಿಯರಿಂದ ಯುದ್ಧವಿದ್ಯೆ ಕಲಿತಿದ್ದು, ಕೊನೆಗೆ ಅವರ ನೆರವಿಗೆ ಕಾಯುತ್ತಲೇ ಸತ್ತಿದ್ದು ಅಷ್ಟಾಗಿ ಗೊತ್ತಿಲ್ಲ.

ಹೈದರ್ ಹುಟ್ಟಿದ್ದು 1720ರ ಆಸುಪಾಸಿನಲ್ಲಿ. ಚಿಕ್ಕವನಿದ್ದಾಗಲೇ ತಂದೆ ಫತೇ ಮಹಮ್ಮದ್ ಯುದ್ಧದಲ್ಲಿ ತೀರಿಕೊಂಡರು. ಮೈಸೂರು ಸೇನೆ ಸೇರಿದ ಹೈದರ್ 1749ರ ದೇವನಹಳ್ಳಿ ಮುತ್ತಿಗೆಯಲ್ಲಿ ಹೆಸರು ಮಾಡಿದ. ಆಮೇಲೆ ತಮಿಳು ಸೀಮೆಯ ಯುದ್ಧಗಳಲ್ಲಿ ಫ್ರೆಂಚರ ಕವಾಯತು, ಫಿರಂಗಿಗಳನ್ನು ಹತ್ತಿರದಿಂದ ನೋಡಿದ. 1755ರಲ್ಲಿ ದಿಂಡಿಗಲ್‌ನ ಫೌಜುದಾರನಾದ ಮೇಲೆ ಫ್ರೆಂಚ್ ಎಂಜಿನಿಯರುಗಳನ್ನು ಕರೆಸಿ ಶಸ್ತ್ರಾಸ್ತ್ರ ಕಾರ್ಖಾನೆ ಶುರು ಮಾಡಿದ, ಸಿಪಾಯಿಗಳಿಗೆ ತರಬೇತಿ ಕೊಡಿಸಿದ. 1761ರ ಹೊತ್ತಿಗೆ ಮೈಸೂರಿನ ಆಡಳಿತವೇ ಕೈಗೆ ಬಂತು.

1769ರಲ್ಲಿ ಹೈದರ್ ಕುದುರೆ ಪಡೆ ಸಮೇತ ಮದ್ರಾಸ್ ಬಾಗಿಲಿಗೇ ಹೋದಾಗ ಇಂಗ್ಲಿಷರು ಒಪ್ಪಂದಕ್ಕೆ ಬಂದರು. ಒಬ್ಬರ ಮೇಲೆ ಯಾರಾದರೂ ದಾಳಿ ಮಾಡಿದರೆ ಇನ್ನೊಬ್ಬರು ನೆರವಿಗೆ ಬರಬೇಕು ಅನ್ನೋದು ಅದರ ಮುಖ್ಯ ಷರತ್ತು. ಎರಡೇ ವರ್ಷಕ್ಕೆ ಅದರ ಬಣ್ಣ ಬಯಲಾಯಿತು. 1771ರಲ್ಲಿ ಚಿನಕುರಳಿಯಲ್ಲಿ ಮರಾಠರು ಮೈಸೂರು ಸೇನೆಯನ್ನು ಸದೆಬಡಿದರು. ಹೈದರ್ ಕೇಳಿಕೊಂಡರೂ ಇಂಗ್ಲಿಷರು ಬರಲಿಲ್ಲ. ಹಣ, ಸೀಮೆ ಎರಡನ್ನೂ ಕಳಕೊಂಡ ಹೈದರ್ ಆ ಮಾತನ್ನು ಸಾಯೋವರೆಗೂ ಮರೆಯಲಿಲ್ಲ.

ಉಳಿದಿದ್ದು ಫ್ರೆಂಚರ ದಾರಿ. ಮದ್ದುಗುಂಡು, ಬಂದೂಕು ಬರ್ತಾ ಇದ್ದ ಮಾಹೆ ಬಂದರನ್ನು 1779ರಲ್ಲಿ ಇಂಗ್ಲಿಷರು ಕಿತ್ತುಕೊಂಡಾಗ ಹೈದರ್ ಸುಮ್ಮನಿರಲಿಲ್ಲ. 1780ರ ಸೆಪ್ಟೆಂಬರ್ 10ರಂದು ಕಂಚಿ ಹತ್ತಿರದ ಪೊಳ್ಳಿಲೂರಿನಲ್ಲಿ ಕರ್ನಲ್ ಬೈಲಿಯ ಪಡೆ ನೆಲಕಚ್ಚಿತು. ಮೈಸೂರಿನ ರಾಕೆಟ್ಟು, ಕುದುರೆ ಪಡೆ, ಟಿಪ್ಪುವಿನ ದಂಡಿನ ಜೊತೆಗೆ ಹೈದರ್ ಸಂಬಳದಲ್ಲಿದ್ದ ಫ್ರೆಂಚ್ ದಳಪತಿ ಲಾಲಿಯೂ ಅಲ್ಲಿದ್ದ.

ಆದರೆ ಫ್ರಾನ್ಸ್ ದೊರೆಯ ಸೈನ್ಯ ಬಂದಿದ್ದು 1782ರಲ್ಲಿ. ಕಡಲೂರು ಕೈವಶವಾಯಿತಾದರೂ, ದೊಡ್ಡ ಸೇನಾಧಿಪತಿ ಬುಸ್ಸಿ ಬರಲಿ ಅಂತ ಫ್ರೆಂಚರು ದೊಡ್ಡ ಕಾಳಗಕ್ಕೆ ಇಳಿಯದೆ ಕುಳಿತರು. ಜುಲೈನಲ್ಲಿ ನೌಕಾಧಿಪತಿ ಸಫ್ರೆನ್ ಖುದ್ದಾಗಿ ಬಂದು ಹೈದರನನ್ನು ಭೇಟಿ ಮಾಡಿ ಧೈರ್ಯ ಹೇಳಿದ. ಅಷ್ಟೊತ್ತಿಗೆ ಹೈದರನ ಆರೋಗ್ಯ ಕೆಟ್ಟಿತ್ತು.

ಬೆನ್ನಿನ ಹುಣ್ಣಿನಿಂದ ನರಳಿ, 1782ರ ಡಿಸೆಂಬರ್ 7ರಂದು ಚಿತ್ತೂರು ಹತ್ತಿರದ ಬಿಡಾರದಲ್ಲಿ ಹೈದರ್ ಕೊನೆಯುಸಿರೆಳೆದ. ದೇಹವನ್ನು ಮೊದಲು ತಂದಿದ್ದು ಕೋಲಾರಕ್ಕೇ, ತಂದೆಯ ಗೋರಿ ಇರುವ ಮಕ್ಬರಾಕ್ಕೆ. ಆಮೇಲೆ ಶ್ರೀರಂಗಪಟ್ಟಣಕ್ಕೆ ಒಯ್ದರು. ಬುಸ್ಸಿ ಬಂದಿಳಿದಿದ್ದು ಮರುವರ್ಷ ಮಾರ್ಚ್‌ನಲ್ಲಿ.

ಅದೂ ಹೆಚ್ಚು ದಿನ ನಡೆಯಲಿಲ್ಲ. ಯೂರೋಪಿನಲ್ಲಿ ಇಂಗ್ಲೆಂಡ್, ಫ್ರಾನ್ಸ್ ರಾಜಿಯಾದ ಸುದ್ದಿ ಬಂದಿದ್ದೇ ತಡ, ಫ್ರೆಂಚರು ಯುದ್ಧ ಕೈಬಿಟ್ಟರು. ಆಗ ಮಂಗಳೂರು ಕೋಟೆಗೆ ಮುತ್ತಿಗೆ ಹಾಕಿದ್ದ ಟಿಪ್ಪು ಒಂಟಿಯಾದ. ಆದರೂ 1784ರ ಜನವರಿಯಲ್ಲಿ ಕೋಟೆ ಮೈಸೂರಿನ ಕೈಗೆ ಬಂತು. ಅದನ್ನು ಬಿಡದೆ ಹಿಡಿದಿದ್ದು ಹೈದರ್ ಕಟ್ಟಿ ತರಬೇತಿ ಕೊಡಿಸಿದ ಮೈಸೂರಿನ ಸಿಪಾಯಿಗಳೇ.